ಆರು ಎಡ, ಆರು ಬಲ

ಬುಧವಾರ, 6ನೇ ತಾರೀಖು

ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿರಬೇಕು. ಮೊದಲ ಸಾಲು ಹೀಗೇ ಇರಬೇಕೆಂದು ನಿನ್ನಮ್ಮ ಹೇಳಿಕೊಟ್ಟಳು, ಬರೆದೆ. ಇನ್ನು ನನ್ನ ಮಾತು.

ಕಾಗದ ತಡವಾಯಿತು. ಫೋನಿನಲ್ಲಿ ಜಗಳವಾಗಿ ಹನ್ನೊಂದು ದಿನ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಪೆನ್ನು ಹಿಡಿದರೆ ಕೈ ಬೆವರುತ್ತದೆ, ಅದು ಒಂದು ಕಾರಣ. ಇನ್ನೊಂದು ಸಿಟ್ಟು. ನನ್ನ ಸಿಟ್ಟು ಏರಲು ಎಷ್ಟು ಹೊತ್ತು, ಇಳಿಯಲು ಎಷ್ಟು ದಿನ ಎಂಬುದು ನಿನಗೆ ಹೊಸದಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಅನ್ನು. ಫೋನಿನಲ್ಲಿ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಮೂವತ್ತೆಂಟು ವರ್ಷ ಶೆಡ್ಡಿನಲ್ಲಿ ಕಬ್ಬಿಣ ಸವೆಸುವ ಗ್ರೈಂಡರಿನ ಸದ್ದಿನ ಮೇಲೆ ಕೂಗಿದವನು, ಮನೆಯಲ್ಲಿ ಒಂದು ಲೋಟ ನೀರು ಕೇಳಿದರೂ ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲು ತೆಗೆಯುತ್ತಾರೆ.

ನಿನ್ನಮ್ಮನ ಮಂಡಿನೋವು ಹಾಗೇ ಇದೆ. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದರು. ನಾವಿರುವುದು ಎರಡನೇ ಮಹಡಿ, ಹತ್ತದೆ ಹಾರಬೇಕೇನು ಎಂದು ಕೇಳಿದೆ. ಡಾಕ್ಟರು ನನ್ನನ್ನು ಹೊರಗೆ ಕೂರಿಸಿದರು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತಲ್ಲ, ಸರಿ ಮಾಡಿದೆ. ಈಗ ಬಚ್ಚಲಿನದು ಶುರುವಾಗಿದೆ.

ನಿನ್ನ ವಿಷಯ ನಿನ್ನೆ ಗೊತ್ತಾಯಿತು. ನೀನು ನಿನ್ನಮ್ಮನಿಗೆ ಹೇಳಿದ್ದೆಲ್ಲ ಅವಳು ನನಗೆ ತಟ್ಟೆಗೆ ಬಡಿಸುತ್ತ ಬಡಿಸುತ್ತ ಹೇಳಿದಳು. ನಮ್ಮ ಮಾಲೀಕರು ನಿಮ್ಮ ಡ್ರಾಯಿಂಗ್ ಆಫೀಸಿಗೆ ದೂರು ಬರೆದಿದ್ದಾರೆ, ಇಪ್ಪತ್ತೆರಡನೇ ತಾರೀಖು ನಿನ್ನನ್ನು ಕೂರಿಸಿ ಕೇಳುತ್ತಾರೆ, ಅಲ್ಲಿಯವರೆಗೆ ಡ್ರಾಯಿಂಗಿನ ಮೂಲೆಯಲ್ಲಿ ನಿನ್ನ ಹೆಸರು ಬರುವ ಹಾಗಿಲ್ಲ, ಬೇರೆಯವರು ಬರೆದ ಹಾಳೆಗಳನ್ನು ಪ್ರಿಂಟು ತೆಗೆದು ಮಡಿಸಿಕೊಂಡಿರಬೇಕು, ಆ ದಿನ ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸವೇ ಇಲ್ಲ. ಹೌದಾ? ನನಗೆ ಊಟ ಸೇರಲಿಲ್ಲ. ಇಷ್ಟಕ್ಕೆ ಹೋಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

"ಅಷ್ಟಕ್ಕೂ ಆ ಕಂಬಕ್ಕೆ ಏನಾಯ್ತು, ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದಳು ನಿನ್ನಮ್ಮ.

ಹೇಳಿದೆ. ಗೋದಾಮಿಗೆ ಹನ್ನೆರಡು ಉಕ್ಕಿನ ಕಂಬ. ಎರಡೆರಡರ ಜೋಡಿ. ಜೋಡಿಯ ನಡುವೆ ಗಾಳಿಗೆ ಅಲ್ಲಾಡದಂತೆ ಓರೆ ಸರಳು ಬರುತ್ತದೆ. ಆ ಸರಳು ಕೂರಲು ಕಂಬದ ಮಗ್ಗುಲಿಗೆ ಒಂದು ಪ್ಲೇಟು. ಜೋಡಿಯ ಪ್ಲೇಟುಗಳು ಒಂದಕ್ಕೊಂದು ಮುಖ ಮಾಡಿರಬೇಕು. ಅದಲ್ಲದೆ ಪ್ರತಿ ಕಂಬಕ್ಕೂ ಗೋದಾಮಿನ ಒಳಮುಖಕ್ಕೆ ಒಂದು ಬ್ರಾಕೆಟ್ಟು, ಮೇಲೆ ಕ್ರೇನ್ ಓಡಲು. ಹಾಗಾಗಿ ಆರಕ್ಕೆ ಪ್ಲೇಟು ಎಡಕ್ಕೆ ಬರಬೇಕು, ಆರಕ್ಕೆ ಬಲಕ್ಕೆ. ಹನ್ನೆರಡಕ್ಕೂ ಎಡಕ್ಕೇ ಬಂದಿತ್ತು. ತಿರುಗಿಸಿ ನಿಲ್ಲಿಸೋಣ ಅಂದರೆ ಪ್ಲೇಟೇನೋ ಸರಿಹೋಗುತ್ತದೆ, ಬ್ರಾಕೆಟ್ಟು ಗೋಡೆಯಾಚೆ ಬಯಲಿಗೆ ಮುಖ ಮಾಡುತ್ತದೆ.

ಅವಳು ಸ್ವಲ್ಪ ಹೊತ್ತು ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿ ನೋಡಿದಳು. "ಅಂದ್ರೆ ಆರು ಜನಕ್ಕೆ ಹನ್ನೆರಡೂ ಎಡಗಾಲಿನ ಚಪ್ಪಲಿ ಹೊಲಿದ್ರಿ ಅನ್ನಿ."

"ಹೂಂ."

"ಇಷ್ಟು ಹೇಳೋಕೆ ಅಷ್ಟುದ್ದ ಯಾಕೆ ಎಳೆದ್ರಿ?"

ನಗಬೇಡ. ಸೈಟಿನಲ್ಲಿ ಮೊದಲ ಜೋಡಿ ನಿಲ್ಲಿಸಿದ ಕೂಡಲೇ ಗೊತ್ತಾಯಿತು. ಕಂಬ ನಿಲ್ಲಿಸುವ ತಂಡದ ಮುಖಂಡ ಗೊತ್ತಲ್ಲ ನಿನಗೆ, ದಿನವೆಲ್ಲ ಮೇಲೇ ಕೂತಿರುತ್ತಾನೆಂದು ಗಿಡುಗ ಅನ್ನುತ್ತೇವೆ. ಅವನು ಅಲ್ಲಿಂದಲೇ ಫೋನ್ ಮಾಡಿದ. "ಮೇಸ್ತ್ರಿ, ನಿಮ್ಮ ಕಂಬಗಳಿಗೆ ಹೊಟ್ಟೆ ಯಾವುದು ಬೆನ್ನು ಯಾವುದು ಅಂತ ಗೊತ್ತಾಗ್ತಿಲ್ಲ, ಬಂದು ಪರಿಚಯ ಮಾಡಿಸಿಕೊಟ್ಟು ಹೋಗಿ," ಎಂದ. ಮಾಲೀಕರು ನನ್ನ ಪಕ್ಕದಲ್ಲೇ ಇದ್ದರು. ಶೆಡ್ಡಿನವರೆಲ್ಲ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆಗ ನಿನಗೆ ಫೋನ್ ಹಚ್ಚಿದೆ. ಕೂಗಿದೆ, ಒಪ್ಪುತ್ತೇನೆ. ತಿದ್ದಿದ ಹಾಳೆ ಯಾವುದೂ ಇಲ್ಲಿಗೆ ಬಂದಿಲ್ಲ ಎಂದೆ. ನೀನು ಫೋನ್ ಇಟ್ಟುಬಿಟ್ಟೆ. ದೊಡ್ಡವರು ಮಾತಾಡುವಾಗ ಇಟ್ಟುಬಿಡುವುದು ಯಾವ ಪದ್ಧತಿ?

ನಿನ್ನ ಮಾತೂ ಬರೆಯುತ್ತೇನೆ, ಒಂದೇ ಕಡೆಯದು ಬೇಡ. ಮೊದಲ ಹಾಳೆಯಲ್ಲಿ ನೀನು ಒಂದೇ ಚಿತ್ರ ಹಾಕಿ ಹನ್ನೆರಡು ಎಂದು ಬರೆದಿದ್ದೆ. ತಪ್ಪೆಂದು ನಿನಗೇ ಹೊಳೆಯಿತು, ಯಾರೂ ಹೇಳಲಿಲ್ಲ. ಭಾನುವಾರ ಬಸ್ಸು ಹತ್ತಿ ತಿದ್ದಿದ ಹಾಳೆ ತಂದು ನನ್ನ ಕೈಗೇ ಕೊಟ್ಟೆ ಎನ್ನುತ್ತೀಯ. ಇರಬಹುದು. ನಾನು ಊಟಕ್ಕೆ ಕೂತಿದ್ದೆ. ಆಫೀಸಿನ ಕಾಗದ ಆಫೀಸಿನ ದಾರಿಯಲ್ಲಿ ಬರಬೇಕು. ಪುಸ್ತಕದಲ್ಲಿ ಎಂಟ್ರಿ ಆಗಬೇಕು, ತೆಗೆದುಕೊಂಡವನು ಸಹಿ ಹಾಕಬೇಕು. ಊಟದ ತಟ್ಟೆಯ ಪಕ್ಕದಲ್ಲಿಟ್ಟರೆ ಅದು ಡ್ರಾಯಿಂಗ್ ಅಂತ ಯಾರು ಹೇಳುತ್ತಾರೆ?

ನನಗೆ ನೆನಪಿಲ್ಲ. ಇಷ್ಟೇ ಸದ್ಯಕ್ಕೆ. ಹುಡುಕುತ್ತೇನೆ.

ಬಾಡಿಗೆ ಕೋಣೆಯ ಕಿಟಕಿಯ ಚಿಲಕ ಸಡಿಲ ಎಂದಿದ್ದೆಯಲ್ಲ, ಮಲಗುವಾಗ ತಂತಿ ಕಟ್ಟಿಕೋ. ನಾನು ಬಂದಾಗ ಸರಿ ಮಾಡಿಕೊಡುತ್ತೇನೆ.

ನಿನ್ನ ಅಪ್ಪ


ಗುರುವಾರ, 14ನೇ ತಾರೀಖು

ಮಗಳೇ,

ನಿನ್ನಿಂದ ಉತ್ತರವಿಲ್ಲ. ನಾನು ಕೇಳುತ್ತಲೂ ಇಲ್ಲ. ಈ ಸಲ ಎಂಟೇ ದಿನಕ್ಕೆ ಬರೆಯುತ್ತಿದ್ದೇನೆ, ನನ್ನ ಲೆಕ್ಕದಲ್ಲಿ ಇದು ಬೇಗ.

ಹಾಳೆ ಸಿಕ್ಕಿತು. ನನ್ನ ಚೀಲದಲ್ಲಿ, ಮೂಲೆಮಟ್ಟ ಇಡುವ ಒಳಗಿನ ಜೇಬಿನಲ್ಲಿ, ನಾಲ್ಕು ಮಡಿಕೆಯಾಗಿ ಇತ್ತು. ನೀನು ಹೇಳಿದಂತೆಯೇ ಇದೆ. ಎರಡು ಚಿತ್ರ ಅಕ್ಕಪಕ್ಕ, ನಡುವೆ ಗೆರೆ, ಒಂದರ ಕೆಳಗೆ ಎಡ ಆರು, ಇನ್ನೊಂದರ ಕೆಳಗೆ ಬಲ ಆರು. ಕೆಳಗೆ ಬಾಕ್ಸು ಹೊಡೆದು, ಹಳೆಯ ಹಾಳೆ ತೆಗೆದುಹಾಕಿ ಎಂದು ಬರೆದಿದ್ದೀಯ. ಚೆನ್ನಾಗಿ ಬರೆದಿದ್ದೀಯ. ಇದನ್ನು ನಾನು ಹೇಳಬೇಕಾದ್ದು ಬೇರೆ ದಿನ ಇತ್ತು, ಇರಲಿ.

ನಿನ್ನಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಹಾಳೆಗಿಂತ ಹೆಚ್ಚು ನನ್ನನ್ನೇ ನೋಡಿದಳು.

"ಎಲ್ಲಿತ್ತು?"

"ಚೀಲದಲ್ಲಿ ಸಿಕ್ತು."

"ಸಿಕ್ತೋ, ಇತ್ತೋ?"

"ಏನೇ ನೀನು, ವಕೀಲರ ಥರ ಕೇಳ್ತೀಯ!"

"ಮೂವತ್ತು ವರ್ಷದಿಂದ ಆ ಚೀಲ ಒಗೀತಾ ಬಂದಿದ್ದೀನಿ ಕಣ್ರೀ. ಒಂದು ಕಾಗದ ಕಳೆದುಹೋಗೋಷ್ಟು ಜಾಗ ಅದರಲ್ಲಿ ಎಲ್ಲಿದೆ?"

ನನಗೆ ರೇಗಿತು. ಚೀಲ ಎತ್ತಿಕೊಂಡು ಶೆಡ್ಡಿಗೆ ಹೊರಟುಹೋದೆ. ಅವತ್ತು ಶೆಡ್ಡಿಗೆ ರಜೆ ಎಂದು ಗೇಟಿನ ಹತ್ತಿರ ಹೋದಮೇಲೆ ನೆನಪಾಯಿತು.

ಆರು ಕಂಬ ಟ್ರೈಲರಿನಲ್ಲಿ ವಾಪಸು ಬಂದಿವೆ. ಹೋಗುವಾಗ ಹೊಸ ಬಣ್ಣದಲ್ಲಿ ಜಂಬದಿಂದ ಹೋದವು, ಬರುವಾಗ ಸರಪಳಿ ಉಜ್ಜಿ ಮೈಯೆಲ್ಲ ಗೀರು. ಕ್ರೇನಿನಿಂದ ಒಂದೊಂದನ್ನೇ ಇಳಿಸಿ ಮರದ ದಿಮ್ಮಿಗಳ ಮೇಲೆ ಮಲಗಿಸಿದೆವು. ಒಂಬತ್ತು ಮೀಟರಿನ ಕಂಬ. ನಿಂತಿದ್ದಾಗ ಕಾಣದ ತಪ್ಪು ಮಲಗಿಸಿದಾಗ ಎಷ್ಟು ಸಲೀಸಾಗಿ ಕಾಣುತ್ತದೆ ಅಂತೀಯ. ದಿನಾ ಅದರ ಪಕ್ಕದಲ್ಲೇ ಟೀ ಕುಡಿದವರು ನಾವು.

ಕೆಲಸ ಕಿಡಿಗೆ ವಹಿಸಿದೆ. ಕಿಡಿ ಯಾರು ಅಂತ ನಿನಗೆ ಹೇಳಬೇಕಿಲ್ಲ, ನಿನ್ನ ಮೊದಲ ಸೈಕಲ್ಲಿನ ಮುರಿದ ಕಂಬಿಗೆ ಬೆಸುಗೆ ಹಾಕಿಕೊಟ್ಟವನು. ಅವನಷ್ಟು ಚೆಂದದ ಬೆಸುಗೆ ಈ ಸುತ್ತಿನಲ್ಲಿ ಯಾರದೂ ಇಲ್ಲ, ಅವನಷ್ಟು ಒರಟು ಬಾಯಿಯೂ ಯಾರದೂ ಇಲ್ಲ, ನನ್ನದೊಂದು ಬಿಟ್ಟರೆ. ಹಳೆಯ ಪ್ಲೇಟನ್ನು ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿ ತೆಗೆಯಬೇಕು. ಕಂಬಕ್ಕೆ ತಾಗಿಸಿ ಕತ್ತರಿಸಿದರೆ ಕಂಬದ ಮೈಗೇ ಗಾಯವಾಗುತ್ತದೆ. ಅದಕ್ಕೆ ಒಂದು ಬೆರಳ ದಪ್ಪ ಉಳಿಸಿ ಕತ್ತರಿಸಿ, ಉಳಿದದ್ದನ್ನು ಗ್ರೈಂಡರಿನಲ್ಲಿ ಸವೆಸುತ್ತ ಬರಬೇಕು. ಆ ಸವೆಸುವ ಕೆಲಸ ನಾನೇ ಮಾಡುತ್ತಿದ್ದೇನೆ. ಮೇಸ್ತ್ರಿ ಗ್ರೈಂಡರ್ ಹಿಡಿದದ್ದು ನೋಡಿ ಎಲ್ಲರಿಗೂ ತಮಾಷೆ.

"ಮೇಸ್ತ್ರಿ, ಈ ವಯಸ್ಸಲ್ಲಿ ಸೊಂಟ ಹಿಡ್ಕೊಂಡ್ರೆ ಅದನ್ನ ಬೆಸೆಯೋಕೆ ನನ್ನ ಕೈಲಾಗಲ್ಲ," ಎಂದ ಕಿಡಿ.

"ನಿನ್ನ ಕೈಲಾಗೋದು ಏನಿದೆ ಅದನ್ನ ಮಾಡು."

"ಹಾಳೆ ಕೊಡಿ ಮತ್ತೆ. ಬಲ ಯಾವ ಕಡೆ ಅಂತ ನಿಮ್ಮನ್ನ ಕೇಳಿ ಮಾಡೋಕೆ ನನಗೀಗ ಭಯ."

ಕೊಟ್ಟೆ. ಕೊಡದೆ ಹೇಗೆ? ಅವನು ಬೆಸುಗೆಯ ಮುಖವಾಡ ಹಣೆಗೆ ಏರಿಸಿಕೊಂಡು ಓದಿದ. "ಇದ್ಯಾವಾಗ ಬಂತು?" ಎಂದ.

"ಬಂತು. ಕೆಲಸ ನೋಡು."

"ಮೂಲೇಲಿ ತಾರೀಖು ಹೋದ ತಿಂಗಳದು ಇದೆಯಲ್ಲ."

ನಾನು ಗ್ರೈಂಡರ್ ಚಾಲೂ ಮಾಡಿದೆ. ಆ ಸದ್ದಿನಲ್ಲಿ ಯಾರ ಮಾತಿಗೂ ಉತ್ತರ ಕೊಡಬೇಕಿಲ್ಲ. ನಿಲ್ಲಿಸಿದಾಗ ಅವನು ಮತ್ತೆ ಕೇಳಲಿಲ್ಲ. ಮುಖವಾಡ ಇಳಿಸಿಕೊಂಡು, ಹೊಸ ಪ್ಲೇಟಿಗೆ ನಾಲ್ಕು ಮೂಲೆಯಲ್ಲಿ ಚುಕ್ಕೆಯಷ್ಟು ಬೆಸುಗೆಯ ಟಾಕಾ ಹಾಕಿ, ಅಳತೆ ನೋಡಿ ಎಂದು ಕೈ ಮಾಡಿದ. ನೋಡಿದೆ. ಸರಿಯಿತ್ತು.

ನೀನು ಕೇಳುವುದು ಗೊತ್ತಿದೆ. ಮಾಲೀಕರಿಗೆ ಹೇಳಿದಿರಾ ಅಪ್ಪ ಎಂದು. ಇನ್ನೂ ಇಲ್ಲ. ಅವರು ಒಂದು ಸೈಟಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದಾರೆ. ಆರೂ ಕಂಬ ಮುಗಿಸಿ, ಬಣ್ಣ ಹೊಡೆದು, ಲಾರಿಗೇರಿಸಿದ ಮೇಲೆ ಹೇಳುತ್ತೇನೆ. ಕೆಟ್ಟದ್ದನ್ನು ಸರಿಮಾಡಿ ಹೇಳಿದರೆ ಒಂದು ಬೆಲೆ ಇರುತ್ತದೆ.

ಇದು ಸಬೂಬು ಎಂದು ನಿನಗೆ ಅನ್ನಿಸಿದರೆ ಅನ್ನಿಸಲಿ. ನನಗೂ ಅನ್ನಿಸುತ್ತದೆ. ನೋಡು, ಆ ಶೆಡ್ಡಿನಲ್ಲಿ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಅದರ ಮೇಲೆ ಕಟ್ಟರ್ ಹೋಗುತ್ತದೆ. ಅಳತೆ ಸರಿಯಾ ಎಂದು ಒಬ್ಬನೂ ಕೇಳುವುದಿಲ್ಲ. ಹೆಚ್ಚು ಓದದವನಿಗೆ ಸಿಕ್ಕಿದ ಮರ್ಯಾದೆ ಅಂದರೆ ಅದೊಂದೇ. ಹಾಳೆ ನನ್ನ ಚೀಲದಲ್ಲಿತ್ತು ಎಂದು ಹೇಳಿದ ಮೇಲೆ ಆ ಗೆರೆಗೆ ಏನು ಬೆಲೆ? ನಿನಗೆ ಇಪ್ಪತ್ತೇಳು ವರ್ಷ. ಒಂದು ಆಫೀಸು ಹೋದರೆ ಇನ್ನೊಂದು. ನಾನು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ?

ಮೇಲಿನ ಸಾಲು ಬರೆದು ಪೆನ್ನು ಇಟ್ಟೆ. ಟೀ ಕುಡಿದು ಬಂದು ಓದಿದೆ. ಹೊಡೆದುಹಾಕೋಣ ಅಂದುಕೊಂಡೆ, ಬೇಡ, ಇರಲಿ. ಅಪ್ಪ ಎಂಥವನು ಅಂತ ನಿನಗೂ ಗೊತ್ತಿರಲಿ. ಇಪ್ಪತ್ತೆರಡರ ಒಳಗೆ ಹೇಳುತ್ತೇನೆ.

ನಿನ್ನ ಅಪ್ಪ


ಶನಿವಾರ, 23ನೇ ತಾರೀಖು

ಮಗಳೇ,

ನಿನ್ನೆ ಸಂಜೆ ನೀನು ನಿನ್ನಮ್ಮನಿಗೆ ಫೋನ್ ಮಾಡಿದಾಗ ನಾನು ಬಚ್ಚಲಿನ ನಲ್ಲಿ ಬಿಚ್ಚಿಕೊಂಡು ಕೂತಿದ್ದೆ. ಅವಳು "ಹೌದಾ? ಹೌದಾ ಕಣೇ?" ಅಂತ ಎರಡು ಸಲ ಅಂದದ್ದು ಕೇಳಿಸಿತು. ಧ್ವನಿಯಿಂದ ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಸ್ಪ್ಯಾನರ್ ಹಿಡಿದುಕೊಂಡು ಹಾಗೇ ಕೂತೆ. ಆಮೇಲೆ ಅವಳು ಬಾಗಿಲಿಗೆ ಬಂದು, "ಹೆಸರು ವಾಪಸು ಕೊಟ್ರಂತೆ," ಎಂದಳು. ನಲ್ಲಿ ಇನ್ನೂ ಹಾಗೇ ಇದೆ. ರಾತ್ರಿಯೆಲ್ಲ ಕೆಳಗೆ ಬಕೆಟ್ ಇಟ್ಟೆವು.

ನಡೆದದ್ದನ್ನು ನೀನು ಅವರಿವರಿಂದ ಕೇಳುವುದು ಬೇಡ, ನಾನೇ ಬರೆಯುತ್ತೇನೆ.

ಸೋಮವಾರ ಮಧ್ಯಾಹ್ನ ಕಂಬಗಳು ಹೋದವು. ಲಾರಿ ಗೇಟು ದಾಟಿದ ಮೇಲೆ ಮಾಲೀಕರ ಕೋಣೆಗೆ ಹೋದೆ. ಅವರು ಊಟದ ಡಬ್ಬಿ ಮುಚ್ಚುತ್ತಿದ್ದರು.

"ಹೋದ್ವಾ ಮೇಸ್ತ್ರಿ?"

"ಹೋದ್ವು. ಒಂದು ಮಾತಿತ್ತು."

ಹಾಳೆ ಮೇಜಿನ ಮೇಲಿಟ್ಟೆ. ಅವರು ಮೊದಲು ಚಿತ್ರ ನೋಡಿದರು, ಆಮೇಲೆ ತಾರೀಖು, ಆಮೇಲೆ ಮಡಿಕೆಯ ಜಾಗದಲ್ಲಿ ಆಗಿದ್ದ ಕೊಳೆ.

"ಇದು ನಿಮ್ಮ ಹತ್ರ ಇತ್ತಾ?"

"ಇತ್ತು. ಮನೇಲಿ ಕೊಟ್ಟಿದ್ಲು. ಚೀಲಕ್ಕೆ ಹಾಕಿ ಮರೆತೆ."

"ಆ ಹುಡುಗಿ ಮೇಲೆ ನಾನೇನು ಬರೆದಿದ್ದೀನಿ ಗೊತ್ತಾ ನಿಮಗೆ?"

"ಗೊತ್ತು."

"ನಿಮ್ಮ ಮಗಳು ಕಣ್ರೀ ಅವಳು."

ಫ್ಯಾನು ತಿರುಗುತ್ತಿತ್ತು. ಅವರು ಹಾಳೆಯನ್ನು ಹಳೆಯ ಮಡಿಕೆಯ ಮೇಲೇ ಮಡಿಸಿದರು. ನನಗೆ ತಡೆಯಲಾಗಲಿಲ್ಲ. "ಬಯ್ಯೋದಿದ್ರೆ ಬಯ್ದುಬಿಡಿ," ಎಂದೆ.

"ಬಯ್ದರೆ ನಿಮಗೆ ಹಗುರ ಆಗ್ತದೆ. ಬಯ್ಯಲ್ಲ."

ನನ್ನ ಕಡೆಗೆ ಒಂದು ಬಿಳಿ ಹಾಳೆ ನೂಕಿದರು. ಹೇಳಿದ್ದನ್ನು ಬರೆಯಿರಿ ಎಂದರು. ಬರೆದೆ. ಐದು ಸಾಲು. ಅದರ ಕೆಳಗೆ ಅವರೂ ತಮ್ಮ ದೂರು ವಾಪಸು ಪಡೆದದ್ದಾಗಿ ಬರೆದು ಸಹಿ ಹಾಕಿದರು. ಅಂಚೆಗೆ ಹಾಕಬೇಡಿ, ನಾನೇ ಕೊಟ್ಟು ಬರುತ್ತೇನೆ ಎಂದೆ. "ಈ ಸಲ ಮರೀಬೇಡಿ," ಎಂದರು. ಅದು ಬೈಗುಳವೇ ಅಲ್ಲವಾ? ಪರವಾಗಿಲ್ಲ.

ಬುಧವಾರ ನಿನ್ನ ಆಫೀಸಿಗೆ ಬಂದಿದ್ದೆ. ನಿನಗೆ ಹೇಳಿರುತ್ತಾರೆ. ನಿನ್ನನ್ನು ಅವತ್ತು ಯಾವುದೋ ಸೈಟಿಗೆ ಟೇಪು ಹಿಡಿಯಲು ಕಳಿಸಿದ್ದರು. ನೀನಿರುವುದಿಲ್ಲ ಎಂದು ಗೊತ್ತಾದಾಗ, ಸುಳ್ಳು ಯಾಕೆ, ಸ್ವಲ್ಪ ಉಸಿರು ಬಂತು. ನಿನ್ನ ಹಿರಿಯರು, ಆ ಬೆಳ್ಳಗಿನ ಕೂದಲಿನ ಅಮ್ಮ, ಒಳ್ಳೆಯವರು. ಕೂರಿಸಿ ನೀರು ಕೊಟ್ಟರು. ನಿನ್ನ ಮೇಜು ತೋರಿಸಿದರು. ಮೇಜಿನ ಮೇಲೆ ಪೆನ್ಸಿಲುಗಳು ಉದ್ದದ ಪ್ರಕಾರ ಮಲಗಿದ್ದವು. ಕುರ್ಚಿಯ ಒಂದು ಕಾಲಿಗೆ ಕಾಗದ ಮಡಿಸಿ ಇಟ್ಟಿದ್ದೀಯ. ಅಲ್ಲಾಡುತ್ತದೆ ಅಂತ ಯಾರಿಗಾದರೂ ಹೇಳಿದ್ದರೆ ಸರಿಮಾಡಿಕೊಡುತ್ತಿರಲಿಲ್ಲವಾ? ನಿನ್ನ ಸ್ವಭಾವವೇ ಹಾಗೆ.

ಅವರು ಕಾಗದ ಓದಿದರು. "ಪುಸ್ತಕದಲ್ಲಿ ಸಹಿ ಯಾಕೆ ತಗೊಳ್ಳಲಿಲ್ಲ ಅಂತ ಅವಳನ್ನ ಕೇಳಿದ್ದೆ," ಎಂದರು. "ಅಪ್ಪನ ಹತ್ರ ಏನಂತ ಸಹಿ ತಗೊಳ್ಳೋದು ಮೇಡಂ, ತಪ್ಪು ನಂದೇ ಅಂದ್ಲು. ನಿಮ್ಮಪ್ಪ ಹಾಳೆ ಬಂದೇ ಇಲ್ಲ ಅಂತಾರಲ್ಲ ಅಂದೆ. ಅದಕ್ಕೆ ಅವಳು ಏನೂ ಹೇಳಲಿಲ್ಲ."

ಆ ಪುಸ್ತಕ ಕೊಡಿ ಎಂದೆ. ಕೊಟ್ಟರು. ಯಾವ ಹಾಳೆ, ಯಾರಿಗೆ, ಯಾವತ್ತು ಎಂದು ಗೆರೆ ಹಾಕಿದ ದೊಡ್ಡ ಪುಸ್ತಕ. ತಲುಪಿತು ಎಂಬಲ್ಲಿ ಸಹಿ ಹಾಕಿ, ತಾರೀಖು ಆ ಭಾನುವಾರದ್ದು ಹಾಕಲು ಹೋದೆ. ಅವರು ಕೈ ಅಡ್ಡ ಇಟ್ಟು, "ಇವತ್ತಿನದೇ ಹಾಕಿ, ಹಿಂದಿನದು ಹಾಕೋ ಹಾಗಿಲ್ಲ," ಎಂದರು. ಇವತ್ತಿನದೇ ಹಾಕಿದೆ. ಸಹಿಯಿಲ್ಲದೆ ಹಾಳೆ ಹೊರಗೆ ಹೋದದ್ದಕ್ಕೆ ನಿನಗೆ ಒಂದು ಎಚ್ಚರಿಕೆಯ ಕಾಗದ ಬಂದೇ ಬರುತ್ತದೆ ಎಂದೂ ಹೇಳಿದರು. ಅದನ್ನು ತಪ್ಪಿಸಲು ನನ್ನಿಂದ ಆಗಲಿಲ್ಲ.

ನಿನ್ನೆ ಗಿಡುಗ ಫೋನ್ ಮಾಡಿದ್ದ. ಆರೂ ಜೋಡಿ ನಿಂತವಂತೆ. "ಓರೆ ಸರಳಿನ ಬೋಲ್ಟು ಕೈಯಲ್ಲೇ ತಿರುಗಿ ಕೂತ್ವು ಮೇಸ್ತ್ರಿ, ಸುತ್ತಿಗೆ ಕೇಳಲೇ ಇಲ್ಲ," ಎಂದ. ಅದು ನಿನ್ನ ಅಳತೆ. ನಾನು ಗೆರೆ ಎಳೆದದ್ದು ನಿನ್ನ ಹಾಳೆ ನೋಡಿಕೊಂಡೇ. ಹಳೆಯ ಪ್ಲೇಟಿದ್ದ ಜಾಗ ಹುಡುಕಿದೆ, ಕಾಣಲಿಲ್ಲ ಎಂದೂ ಅಂದ. ನನ್ನ ಸೊಂಟಕ್ಕೆ ಮಾತ್ರ ಚೆನ್ನಾಗಿ ಗೊತ್ತಿದೆ ಅದು ಎಲ್ಲಿತ್ತು ಅಂತ.

ನನ್ನ ಸಮಾಚಾರ ಇಷ್ಟು. ಕೆಲಸದಿಂದ ತೆಗೆದಿಲ್ಲ. ಮೇಸ್ತ್ರಿಯೂ ನಾನೇ. ಆದರೆ ಇನ್ನುಮೇಲೆ ನಾನು ಗುರುತು ಹಾಕಿದ್ದನ್ನು ಕಿಡಿ ಹಾಳೆ ಹಿಡಿದು ಒಮ್ಮೆ ನೋಡಬೇಕು, ಅವನು ಹೂಂ ಅಂದ ಮೇಲೇ ಕತ್ತರಿಸುವುದು. ಮಂಗಳವಾರದಿಂದ ಹಾಗೇ ನಡೆಯುತ್ತಿದೆ. ಮೊದಲ ದಿನ ಅವನು ಹಾಳೆಯನ್ನು ತಲೆಕೆಳಗಾಗಿ ಹಿಡಿದುಕೊಂಡು, ಗಂಭೀರವಾಗಿ, "ಮೇಸ್ತ್ರಿ, ಇದು ಆರಾ ಒಂಬತ್ತಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂಚೆಯಾಗಿದ್ದರೆ ಕೈಯಲ್ಲಿದ್ದದ್ದನ್ನು ಎಸೆಯುತ್ತಿದ್ದೆ. ಎರಡನೇ ದಿನ ಅವನು ನಿಜವಾಗಿಯೇ ಒಂದು ತೂತಿನ ಗುರುತು ಐದು ಮಿಲಿಮೀಟರ್ ಆಚೆ ಬಿದ್ದದ್ದು ಹಿಡಿದ. ಆಗ ಯಾರೂ ನಗಲಿಲ್ಲ. ಅಳಿಸಿ ಮತ್ತೆ ಹಾಕಿದೆ. ನನ್ನ ಕಣ್ಣು ಮುಂಚಿನಷ್ಟು ಇಲ್ಲ ಮಗಳೇ. ಅದನ್ನೂ ಯಾರಿಗೂ ಹೇಳಿರಲಿಲ್ಲ. ಮುಂದಿನ ವಾರ ನಿನ್ನಮ್ಮ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳಂತೆ. ಜಗಳವಾಡಬೇಡಿ ಎಂದು ಈಗಲೇ ಆಣೆ ಹಾಕಿಸಿಕೊಂಡಿದ್ದಾಳೆ.

ನೀನು ಚೆನ್ನಾಗಿರು. ನಿನ್ನ ಹೆಸರು ಹಾಳೆಯ ಮೂಲೆಯಲ್ಲಿ ವರ್ಷಗಟ್ಟಲೆ ಬರುತ್ತಿರಲಿ. ತಪ್ಪು ಕಂಡ ಕೂಡಲೇ ತಪ್ಪು ಅನ್ನುವ ನಿನ್ನ ಬುದ್ಧಿ ಹಾಗೇ ಇರಲಿ, ಅದು ಅಪ್ಪನ ಕಡೆಯಿಂದ ಬಂದದ್ದಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ. ಬರೆಯಲೋ ಬೇಡವೋ ಎಂದು ಲಕೋಟೆ ಎರಡು ಸಲ ಅಂಟಿಸಿ ಎರಡು ಸಲ ಬಿಚ್ಚಿದ್ದೇನೆ.

ಹಾಳೆ ಮರೆತೆ ಎಂದು ಮಾಲೀಕರಿಗೆ ಹೇಳಿದೆ, ನಿನ್ನ ಆಫೀಸಿಗೆ ಬರೆದುಕೊಟ್ಟೆ. ಸುಳ್ಳು. ನೀನು ಕೊಟ್ಟ ಮರುದಿನ, ಆ ಸೋಮವಾರ ಬೆಳಗ್ಗೆಯೇ, ಶೆಡ್ಡಿಗೆ ಹೋದ ಕೂಡಲೇ ಬಿಡಿಸಿ ಓದಿದ್ದೆ. ಹನ್ನೆರಡಕ್ಕೂ ಗುರುತು ಹಾಕಿ ಆಗಿತ್ತು. ಬ್ರಾಕೆಟ್ಟಿಲ್ಲದ ಕಂಬಗಳನ್ನು ಮೂವತ್ತೆಂಟು ವರ್ಷ ತಿರುಗಿಸಿ ನಿಲ್ಲಿಸಿದ್ದೇನೆ, ಇವನ್ನೂ ತಿರುಗಿಸಿದರಾಯಿತು, ಇವಳು ನನಗೆ ಎಡ ಬಲ ಹೇಳಿಕೊಡುತ್ತಾಳಾ ಅನ್ನಿಸಿತು. ಇವಕ್ಕೆ ಬ್ರಾಕೆಟ್ಟಿದೆ ಎಂಬುದೇ ಹೊಳೆಯಲಿಲ್ಲ. ಒಂದು ಫೋನ್ ಮಾಡಿ ನಿನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ. ಗಿಡುಗ ಫೋನ್ ಮಾಡಿದಾಗ ಅವನ ಮಾತು ಮುಗಿಯುವ ಮೊದಲೇ ಎಲ್ಲ ಗೊತ್ತಾಗಿತ್ತು. ಮಾಲೀಕರಿಗೆ ನಾಳಿದ್ದು ಇದನ್ನೂ ಹೇಳುತ್ತೇನೆ. ಮೊದಲು ನಿನಗೆ.

ಇನ್ನೊಂದು. ನೀನು ಫೋನ್ ಇಟ್ಟುಬಿಟ್ಟೆ ಎಂದು ಮೊದಲ ಕಾಗದದಲ್ಲಿ ಬರೆದೆನಲ್ಲ, ಅದು ಹಾಗೆ ಆದದ್ದಲ್ಲ. ನಾನು ಕೂಗಿ ಮುಗಿಸಿದ ಮೇಲೆ ನೀನು ಮೆಲ್ಲಗೆ, "ಅಪ್ಪ, ಅಲ್ಲಿ ಎಲ್ಲರೂ ಇದ್ದಾರಾ?" ಎಂದು ಕೇಳಿದೆ. ಇದ್ದಾರೆ ಎಂದೆ. "ಹಾಗಾದ್ರೆ ನಾನು ಕೊಟ್ಟಿಲ್ಲ ಅಂತಲೇ ಅನ್ನಿ," ಎಂದೆ ನೀನು. ನಾನು ಅವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ನೋಡಿದ್ರಾ, ಒಪ್ಪಿಕೊಂಡ್ಲು," ಎಂದೆ.

ನೀನು ಆಗ ಇನ್ನೂ ಫೋನ್ ಇಟ್ಟಿರಲಿಲ್ಲ.